ಬೆಳುವಾಯಿಯಲ್ಲಿ ಸಿಕ್ಕಿದ ಸಂಬಂಧ

ನನ್ನ ಮಗಳು ಹೇಮುವಿಗೆ ಈಗ ನಲವತ್ತು ದಾಟಿದೆ. ಅವಳು ತೀರಿಕೊಂಡದ್ದು ಎರಡನೆಯ ವರ್ಷದಲ್ಲಿ. ಈ ಎರಡು ಮಾತೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂದು ಹೊರಗಿನವರು ಕೇಳಬಹುದು. ನಮ್ಮ ಕಡೆಯವರು ಕೇಳುವುದಿಲ್ಲ. ತೀರಿಹೋದ ಮಕ್ಕಳು ಹೋದ ವಯಸ್ಸಿನಲ್ಲೇ ನಿಂತುಬಿಡುವುದಿಲ್ಲ. ಇದ್ದ ಮಕ್ಕಳ ಹಾಗೆ ಅವರೂ ವರ್ಷ ವರ್ಷ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಅವರಿಗೂ ಮದುವೆ ಆಗಬೇಕಾಗುತ್ತದೆ. ಮದುವೆಯಿಲ್ಲದೆ ಹೋದ ಹುಡುಗಿಗೆ ಹಾಗೆಯೇ ಹೋದ ಒಬ್ಬ ಹುಡುಗನನ್ನು ಹುಡುಕಿ, ಎರಡು ಮನೆಯವರು ಸೇರಿ, ಸೀರೆ ಬಳೆ ಇಟ್ಟು, ಧಾರೆ ಎರೆದು, ಎಲೆ ಹಾಕಿ ಬಡಿಸಿ ಮಾಡುವ ಮದುವೆಗೆ ನಾವು ಕುಲೆ ಮದುವೆ ಎನ್ನುತ್ತೇವೆ. ಕುಲೆ ಎಂದರೆ ತೀರಿಹೋದವರು.

ಹೇಮುವಿಗೆ ಆ ಮದುವೆ ಆಗಿರಲಿಲ್ಲ. ನನ್ನ ಯಜಮಾನರು ಇರುವಾಗ ಇವತ್ತು ನಾಳೆ ಎಂದು ಮುಂದೆ ಹೋಯಿತು. ಅವರು ಹೋದ ಮೇಲೆ ನನಗೆ ಒಂದು ಹೆದರಿಕೆ ಶುರುವಾಯಿತು. ತೀರಿಹೋದವರಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಬಡಿಸುವಾಗ ಹೇಮುವಿನ ಹೆಸರು ಹೇಳಿ ಎಲೆ ಹಾಕುವವಳು ನಾನೊಬ್ಬಳೇ. ಅವಳು ಹೋಗುವಾಗ ಅವಳ ಅಣ್ಣ ಜಯಪ್ರಕಾಶನಿಗೆ ಸಣ್ಣ ಪ್ರಾಯ. ಅವನಿಗೆ ತಂಗಿಯ ಮುಖದ ನೆನಪಿಲ್ಲ. ಸೊಸೆ ಅವಳನ್ನು ನೋಡಿದವಳೇ ಅಲ್ಲ. ನಾನು ಹೋದ ಮೇಲೆ ಒಂದು ವರ್ಷ ಎಲೆ ಹಾಕಿಯಾರು, ಎರಡನೆಯ ವರ್ಷ ಮರೆತುಹೋದೀತು. ಮದುವೆಯಾದರೆ ಹಾಗಲ್ಲ. ಗಂಡನ ಮನೆಯ ಹಿರಿಯರ ಸಾಲಿನಲ್ಲಿ ಅವಳಿಗೂ ಒಂದು ಜಾಗವಾಗುತ್ತದೆ, ಆ ಮನೆ ಇರುವಷ್ಟು ಕಾಲ ಅವಳ ಎಲೆ ತಪ್ಪುವುದಿಲ್ಲ. ಕಣ್ಣು ಮುಚ್ಚುವ ಮೊದಲು ಮಗಳನ್ನು ಒಂದು ಮನೆಗೆ ಸೇರಿಸಬೇಕು ಎಂಬುದೊಂದೇ ನನಗಿದ್ದ ಆಸೆ.

ಹುಡುಗ ಸಿಗುವುದು ಸುಲಭವಲ್ಲ. ನಮ್ಮ ಮನೆ ಪುಂಜಾಲಕಟ್ಟೆಯ ಆಚೆಯ ಗುಡ್ಡದಲ್ಲಿ. ಅಲ್ಲಿಂದ ಬೆಳ್ತಂಗಡಿಯ ಕಡೆಗೂ ಬಂಟ್ವಾಳದ ಕಡೆಗೂ ನೆಂಟರಲ್ಲಿ ಹೇಳಿಕೊಂಡು ಬಂದೆ. ವೇಣೂರಿನ ಬದಿಯಲ್ಲಿ ಒಬ್ಬ ಹುಡುಗ ಇದ್ದಾನೆಂದು ಗೊತ್ತಾಯಿತು. ವಿಚಾರಿಸಿದರೆ ಅವನಿಗೆ ಹದಿನೆಂಟು. ದೊಡ್ಡಪ್ಪನ ಮಗ ಚೆನ್ನಪ್ಪಣ್ಣ ಇಂಥ ಮಾತುಕತೆಗೆ ಮುಂದಾಳು. ಹೇಮು ಆ ಹುಡುಗನನ್ನು ಮೀಯಿಸಿ ತಲೆ ಬಾಚಿ ಕಾಲೇಜಿಗೆ ಕಳಿಸಬೇಕಾದೀತು ಎಂದು ಅವನು ನಗಾಡಿದ. ಇನ್ನೊಂದು ಕಡೆ ಎಲ್ಲ ಸರಿಯಿತ್ತು, ಆದರೆ ಅವರದ್ದೂ ನಮ್ಮದೂ ಒಂದೇ ಬರಿ, ಅಂದರೆ ಒಂದೇ ಕುಲ; ಅಣ್ಣ ತಂಗಿ ಆಗುತ್ತಾರೆ. ಈಗಿನ ಕಾಲದಲ್ಲಿ ಆಸ್ಪತ್ರೆ ಹತ್ತಿರ ಉಂಟು, ಮಕ್ಕಳು ಮೊದಲಿನ ಹಾಗೆ ಸಾಯುವುದಿಲ್ಲ. ಅದು ಸಂತೋಷದ ವಿಷಯವೇ. ಆದರೆ ಅದರಿಂದಾಗಿ ನನ್ನ ಮಗಳಿಗೆ ಹುಡುಗ ಸಿಗುವುದಿಲ್ಲವಲ್ಲ ಎಂದು ಒಮ್ಮೊಮ್ಮೆ ಮನಸ್ಸಿಗೆ ಬರುತ್ತಿತ್ತು. ಬಂದ ಕೂಡಲೇ ಕೆನ್ನೆ ಬಡಿದುಕೊಳ್ಳುತ್ತಿದ್ದೆ.

ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನಾನು ಆ ಹುಡುಕಾಟ ಬಿಟ್ಟೇಬಿಟ್ಟಿದ್ದೆ. ಮೊಣಕಾಲಿನ ನೋವು ಜೋರಾಗಿತ್ತು. ಬೆಳುವಾಯಿಯಲ್ಲಿ ಒಬ್ಬರು ಪಂಡಿತರು ಎಣ್ಣೆ ಕಾಯಿಸಿ ಕೊಡುತ್ತಾರೆ, ಎರಡು ಕುಪ್ಪಿಯಲ್ಲಿ ನಡೆಯುವ ಹಾಗಾಗುತ್ತದೆ ಎಂದು ಯಾರೋ ಹೇಳಿದರು. ಒಬ್ಬಳೇ ಹೊರಟೆ. ಬಂಟ್ವಾಳಕ್ಕೆ ಬಂದು, ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಹೋಗಿ, ಅಲ್ಲಿಂದ ಕಾರ್ಕಳದ ಬಸ್ಸು ಹಿಡಿದು ಇಳಿದೆ. ಅಂಗಡಿಯವನು ತೋರಿಸಿದ್ದು ಒಂದು ದಾರಿ, ನಾನು ಹಿಡಿದದ್ದು ಇನ್ನೊಂದು. ಗದ್ದೆಯ ಬದಿಯಲ್ಲಿ ನಡೆದೂ ನಡೆದೂ ಕಾಲು ಸೋತು, ಕಂಡ ಮನೆಯ ಜಗಲಿಯಲ್ಲಿ ಕುಳಿತುಬಿಟ್ಟೆ.

ಮನೆಯ ಯಜಮಾನರು ಹಗ್ಗ ಹೊಸೆಯುತ್ತಾ ಇದ್ದರು. ಹೆಸರು ಹುಕ್ರಪ್ಪ. ದಾರಿ ತಪ್ಪಿದಿರಿ, ಪಂಡಿತರ ಮನೆ ಆಚೆ ಗುಡ್ಡೆಯ ಬುಡದಲ್ಲಿ ಎಂದು ಹೇಳಿ, ಕುಡಿಯಲಿಕ್ಕೆ ತರಲು ಒಳಗೆ ಕೂಗಿದರು. ಅವರ ಹೆಂಡತಿ ವಾರಿಜ ಬೆಲ್ಲ ನೀರು ತಂದಿಟ್ಟು, ನನ್ನ ಮುಖ ಒಮ್ಮೆ ನೋಡಿ ಒಳಗೆ ಹೋದಳು. ನೀರು ಕುಡಿಯಲು ತಲೆ ಎತ್ತಿದಾಗ ಗೋಡೆಯ ಮೇಲೆ ಒಂದು ಪಟ ಕಂಡಿತು. ಮೀಸೆ ಆಗಷ್ಟೇ ಚಿಗುರುತ್ತಿದ್ದ ಹುಡುಗ. ಪಟಕ್ಕೆ ಪ್ಲಾಸ್ಟಿಕ್ಕಿನ ಮಾಲೆ.

ನಾನು ಕೇಳಿದೆ. ಒಬ್ಬನೇ ಮಗ, ಲೋಕನಾಥ ಎಂದು ಹೆಸರು, ಮುಂಬಯಿಯಲ್ಲಿ ತೀರಿಕೊಂಡ ಎಂದು ಹುಕ್ರಪ್ಪಣ್ಣ ಹೇಳಿದರು. ಇದ್ದಿದ್ದರೆ ಈಗ ನಲವತ್ತೈದು. ಅವನಿಗೊಂದು ಮದುವೆ ಮಾಡಿಸಿ ಮುಗಿಸಬೇಕೆಂದು ಎಷ್ಟೋ ಸಮಯದಿಂದ ನೋಡುತ್ತಿದ್ದೇನೆ, ಪ್ರಾಯಕ್ಕೆ ಸರಿಯಾದ ಹುಡುಗಿ ಸಿಗುವುದಿಲ್ಲ ಎಂದರು. ಅವರು ಹಗ್ಗದಿಂದ ಕಣ್ಣು ತೆಗೆಯದೆ ಹೇಳಿದ ಮಾತು ಅದು. ನಾನು ಲೋಟ ಕೆಳಗಿಟ್ಟೆ. ಬರಿ ಕೇಳಿದೆ, ಬೇರೆ. ಜಾತಿ ಒಂದೇ. ಪ್ರಾಯ ಹೇಳಿ ಮಾಡಿಸಿದ ಹಾಗೆ. ನಾನು ಹೇಮುವಿನ ವಿಷಯ ತೆಗೆದಾಗ ಅವರು ಹಗ್ಗ ಕೆಳಗಿಟ್ಟರು.

ಆ ದಿನ ನಾನು ಪಂಡಿತರ ಮನೆಗೆ ಹೋಗಲೇ ಇಲ್ಲ. ಎಣ್ಣೆಯಿಲ್ಲದೆ, ಕಾಲುನೋವಿನ ನೆನಪೂ ಇಲ್ಲದೆ ಮನೆಗೆ ಬಂದೆ.

ಜಯಪ್ರಕಾಶನ ಮಗಳು ದೀಪಶ್ರೀ ಮೆಲ್ಕಾರಿನಲ್ಲಿ ಡಿಗ್ರಿ ಓದುತ್ತಾಳೆ, ಇಂಗ್ಲಿಷ್ ಅವಳ ಇಷ್ಟದ ವಿಷಯ. ನಾನು ಅಕ್ಷರ ಕಲಿತದ್ದು ಮಗ ಹೈಸ್ಕೂಲಿಗೆ ಹೋಗುವಾಗ, ಊರಿನ ಶಾಲೆಯಲ್ಲಿ ನಡೆಯುತ್ತಿದ್ದ ರಾತ್ರಿ ತರಗತಿಯಲ್ಲಿ. ಮಹಾಲಿಂಗೇಶ್ವರ ಮಾಷ್ಟ್ರು ಕಲಿಸಿದವರು. ಶಬ್ದ ಬಾಯಿಪಾಠ ಮಾಡಿದರೆ ಅದು ಮಾಷ್ಟ್ರದ್ದೇ, ನಿಮ್ಮ ಮನೆಯ ವಿಷಯ ಹೇಳಲಿಕ್ಕೆ ಅದನ್ನು ಬಳಸಿದ ದಿನ ನಿಮ್ಮದು ಎಂದು ಅವರು ಹೇಳುತ್ತಿದ್ದರು. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ದೀಪಶ್ರೀ ಹೊಸ ಶಬ್ದ ಏನಾದರೂ ಹೇಳಿದರೆ ಅದನ್ನು ಅಡುಗೆಮನೆಯಲ್ಲಿ, ದನದ ಹಟ್ಟಿಯಲ್ಲಿ ಹಾಕಿ ನೋಡುತ್ತೇನೆ.

ಬೆಳುವಾಯಿಯ ಕತೆ ಕೇಳಿದವಳೇ ಅವಳು ಹೇಳಿದಳು:

"ಅಜ್ಜಿ, ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಶಬ್ದ ಉಂಟು. ಸೆರೆಂಡಿಪಿಟಿ."

ಇದು ಶಬ್ದವಾ, ಗೂಡ್ಸ್ ರೈಲಾ ಎಂದು ನಾನು ಕೇಳಿದೆ. ಅವಳು ನಕ್ಕು ತುಂಡು ತುಂಡು ಮಾಡಿ ಹೇಳಿಕೊಟ್ಟಳು. ಅರ್ಥ ಕೇಳಿದೆ. ಅದೃಷ್ಟ ಎಂದಳು, ಮತ್ತೆ ಅವಳೇ ಅಲ್ಲ ಎಂದಳು. ಯೋಗ ಎಂದು ನಾನು ಹೇಳಿದೆ. ಅದೂ ಅಲ್ಲವಂತೆ, ಯೋಗ ಎಂದರೆ ಮೊದಲೇ ಬರೆದಿಟ್ಟದ್ದು, ಇದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಲಾಟರಿ ಹೊಡೆದರೆ ಈ ಶಬ್ದ ಹೇಳಲಿಕ್ಕಾಗುವುದಿಲ್ಲ, ಯಾಕೆಂದರೆ ಟಿಕೇಟು ತೆಗೆದವನು ಅದಕ್ಕೇ ಕಾದಿದ್ದ. ಕಳೆದುಹೋದ ಕಿವಿಯೋಲೆ ಸಿಕ್ಕಿದರೂ ಹೇಳುವ ಹಾಗಿಲ್ಲ, ಅದನ್ನೇ ಹುಡುಕುತ್ತಿದ್ದೆವಲ್ಲ. ಒಂದನ್ನು ಹುಡುಕಿಕೊಂಡು ಹೋಗಬೇಕು, ಲೆಕ್ಕದಲ್ಲೇ ಇಲ್ಲದ ಬೇರೊಂದು ಒಳ್ಳೆಯದು ಕಾಲಿಗೆ ಸಿಗಬೇಕು. ಆಗ ಮಾತ್ರ.

ನಾನು ವಾಕ್ಯ ಮಾಡಿ ನೋಡಿದೆ. ಒಲೆಗೆ ಪುರುಳೆ ಹೆಕ್ಕಲು ಗುಡ್ಡೆಗೆ ಹೋದೆ, ಕಲ್ಲಣಬೆ ಸಿಕ್ಕಿತು, ಇದು ಸೆರೆಂಡಿಪಿಟಿ ಎಂದೆ. ಸರಿ ಎಂದಳು. ಬಾವಿಗೆ ಬಿದ್ದ ಕೊಡಪಾನ ತೆಗೆಯಲಿಕ್ಕೆ ಪಾತಾಳಗರಡಿ ಬಿಟ್ಟೆ, ಅತ್ತೆಯ ಕಾಲದ ತಾಮ್ರದ ಚೆಂಬು ಬಂತು. ಅದೂ ಸರಿ. ಅಜ್ಜಿ ಪಾಸು ಎಂದಳು. ಆಮೇಲೆ ಸ್ವಲ್ಪ ಯೋಚನೆ ಮಾಡಿ ಇನ್ನೊಂದು ಮಾತು ಸೇರಿಸಿದಳು. ಸಿಕ್ಕಿದರೆ ಸಾಲದಂತೆ. ಸಿಕ್ಕಿದ್ದು ಏನು ಎಂದು ಗುರುತು ಹಿಡಿಯುವ ಕಣ್ಣೂ ಬೇಕಂತೆ. ಅಣಬೆ ಗೊತ್ತಿಲ್ಲದವನು ಅದನ್ನು ಮೆಟ್ಟಿಕೊಂಡು ಹೋಗುತ್ತಾನೆ, ಅವನಿಗೆ ಈ ಶಬ್ದ ಇಲ್ಲ.

ನಾನು ನನ್ನ ಮೂರನೆಯ ವಾಕ್ಯ ಹೇಳಿದೆ. ಕಾಲಿಗೆ ಎಣ್ಣೆ ಹುಡುಕಿಕೊಂಡು ಹೋದೆ, ಮಗಳಿಗೆ ಗಂಡ ಸಿಕ್ಕಿದ. ದೀಪಶ್ರೀ ಈ ಸಲ ಪಾಸು ಎನ್ನಲಿಲ್ಲ. ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗಿದಳು. ಆ ವಾರವೆಲ್ಲ ನಾನು ಯಾವ ಕೆಲಸ ಮಾಡುವಾಗಲೂ ಆ ಶಬ್ದ ಬಾಯಲ್ಲಿ ಇತ್ತು. ಸೊಸೆ ನನ್ನನ್ನು ವಿಚಿತ್ರವಾಗಿ ನೋಡಿದಳು. ನಾನು ಬಂಟ್ವಾಳದ ಪೇಟೆಗೆ ಹೋಗಿ ಮದುಮಗಳ ಸೀರೆ ನೋಡಿದೆ. ಬಣ್ಣ ಯಾವುದು ಎಂದು ಅಂಗಡಿಯವನು ಕೇಳಿದಾಗ ನನಗೆ ಹೇಳಲು ಗೊತ್ತಾಗಲಿಲ್ಲ. ಹೇಮುವಿನ ಮೈಬಣ್ಣ ಎಳೆಯ ಕೂಸಿನದ್ದು ನೆನಪುಂಟು. ದೊಡ್ಡವಳಾದ ಮೇಲೆ ಹೇಗಾಗಿದ್ದಾಳೋ. ಕೊನೆಗೆ ಹಸಿರು ತೆಗೆದೆ, ಯಾರಿಗಾದರೂ ಒಪ್ಪುತ್ತದೆ ಎಂದು.

ಆಟಿ ಹತ್ತಿರ ಬರುತ್ತಿತ್ತು. ಬದುಕಿರುವವರಿಗೆ ಆ ತಿಂಗಳು ಶುಭಕಾರ್ಯವಿಲ್ಲ, ಕುಲೆ ಮದುವೆಗೆ ಅದೇ ಸಮಯ. ಒಂದು ಭಾನುವಾರ ಬೆಳಗ್ಗೆ ತಾಂಬೂಲ ಬದಲಾಯಿಸಿ ಮದುವೆ ನಿಶ್ಚಯ ಮಾಡಲು ನಾವು ಬೆಳುವಾಯಿಗೆ ಹೋದೆವು. ಜೀಪಿನಲ್ಲಿ ನಾನು, ಜಯಪ್ರಕಾಶ, ಚೆನ್ನಪ್ಪಣ್ಣ, ದೀಪಶ್ರೀ. ಹುಕ್ರಪ್ಪಣ್ಣ ಅಂಗಳ ಗುಡಿಸಿ ಚಾಪೆ ಹಾಸಿ ಕಾದಿದ್ದರು. ಅವರ ತಮ್ಮನ ಮನೆಯವರೂ ಇದ್ದರು. ಹಬ್ಬದ ಹಾಗೆ ಶರಟು ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು ಹುಕ್ರಪ್ಪಣ್ಣ.

ಈ ಮಾತುಕತೆಗೆ ಒಂದು ಕ್ರಮ ಉಂಟು. ಅಲ್ಲಿ ಯಾರೂ ಸತ್ತ ಮಾತು ಆಡುವುದಿಲ್ಲ. ಹುಡುಗ ಹುಡುಗಿ ಇಬ್ಬರೂ ಒಳಗೆ ಎಲ್ಲೋ ಇದ್ದಾರೆ ಎಂಬ ಹಾಗೆಯೇ ಕೇಳುತ್ತಾರೆ, ಹಾಗೆಯೇ ಹೇಳುತ್ತಾರೆ. ಮದುಮಗಳನ್ನು ಯಾಕೆ ಕರೆತರಲಿಲ್ಲ ಎಂದು ಹುಕ್ರಪ್ಪಣ್ಣನ ತಮ್ಮ ಕೇಳಿದ. ಅವಳಿಗೆ ಜೀಪಿನಲ್ಲಿ ಕೂತರೆ ತಲೆ ತಿರುಗುತ್ತದೆ ಎಂದು ಚೆನ್ನಪ್ಪಣ್ಣ ಹೇಳಿದ. ಮದುಮಗನ ತಲೆಯೂ ಕಾಣುವುದಿಲ್ಲವಲ್ಲ ಎಂದು ಮತ್ತೆ ಅವನೇ ತಿರುಗಿ ಕೇಳಿದ. ಪೇಟೆಗೆ ಹೋಗಿದ್ದಾನೆ, ನಿಮ್ಮನ್ನು ಕಂಡು ನಾಚಿಕೆಯಾಗಿ ಅಲ್ಲೇ ಸುತ್ತುತ್ತಿರಬೇಕು ಎಂದರು ಹುಕ್ರಪ್ಪಣ್ಣ. ಎಲ್ಲರೂ ನಕ್ಕರು. ಇಂಥ ನಗು ನಮಗೆ ಅಭ್ಯಾಸ. ನಕ್ಕರೆ ಹೋದವರಿಗೂ ಹಗುರಾಗುತ್ತದೆ ಎನ್ನುತ್ತಾರೆ. ನನಗೂ ನಗು ಬಂತು. ನನ್ನ ಹೇಮುವನ್ನು ಒಬ್ಬ ಹೆಂಗಸಿನ ಹಾಗೆ ಇಷ್ಟು ಜನ ಒಟ್ಟಿಗೆ ಮಾತಾಡಿದ್ದು ಅದೇ ಮೊದಲು.

ವಾರಿಜ ಚಹಾ ಅವಲಕ್ಕಿಯ ತಟ್ಟೆ ಹಿಡಿದು ಬಂದಳು. ಚೆನ್ನಪ್ಪಣ್ಣ ಅವಳನ್ನೂ ಮಾತಿಗೆಳೆದ.

"ಅಕ್ಕಾ, ನಮ್ಮ ಹುಡುಗಿಯನ್ನು ಕೊಡುವ ಮೊದಲು ಕೇಳಬೇಕಲ್ಲ. ನಿಮ್ಮ ಮಗನಿಗೆ ಕೆಲಸ ಎಂತದು?"

"ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದಾನೆ," ಎಂದಳು ವಾರಿಜ. "ಅವನಿಗೆ ಫೋನು ಮಾಡ್ಲಿಕ್ಕೆ ಪುರುಸೊತ್ತಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ತಾನೋ ಇಲ್ಲವೋ."

ಸಭೆಗೆ ಅದು ತುಂಬ ಹಿಡಿಸಿತು. ಅಕ್ಕ ಒಳ್ಳೆ ಮಾತಾಡುತ್ತಾರೆ ಎಂದು ಚೆನ್ನಪ್ಪಣ್ಣ ತೊಡೆ ತಟ್ಟಿದ. ಸೊಸೆ ಬಂದ ಮೇಲೆ ಅವಳೇ ಬೇಯಿಸಿ ಹಾಕುತ್ತಾಳೆ, ನೀವು ಚಿಂತೆ ಮಾಡಬೇಡಿ ಎಂದ. ಹುಕ್ರಪ್ಪಣ್ಣ ಮಾತ್ರ ನೆಲ ನೋಡಿದರು. ನಾನು ವಾರಿಜಳ ಕೈ ನೋಡಿದೆ. ತಟ್ಟೆ ಇಟ್ಟ ಮೇಲೂ ಬೆರಳುಗಳು ಅದರ ಅಂಚನ್ನು ಬಿಟ್ಟಿರಲಿಲ್ಲ. ಎಷ್ಟೋ ಮನೆಗಳ ಮಾತುಕತೆಯಲ್ಲಿ ನಾನು ಕುಳಿತಿದ್ದೇನೆ. ಹುಡುಗ ಪೇಟೆಗೆ ಹೋಗಿದ್ದಾನೆ, ಗದ್ದೆಗೆ ಹೋಗಿದ್ದಾನೆ ಎಂದು ಹೇಳುವುದನ್ನು ಕೇಳಿದ್ದೇನೆ. ಹುಡುಗ ಉಂಡಿದ್ದಾನೋ ಇಲ್ಲವೋ ಎಂಬ ಚಿಂತೆಯನ್ನು ಆ ಮಾತುಗಳಲ್ಲಿ ಯಾರೂ ಮಾಡುವುದಿಲ್ಲ.

ಕೈ ತೊಳೆಯುವ ನೆಪ ಮಾಡಿ ಅವಳ ಹಿಂದೆಯೇ ಅಡುಗೆಮನೆಗೆ ಹೋದೆ. ಅವಳು ಒಲೆಯ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು. ಹೊರಗಿನ ನಗು ಅಲ್ಲಿಗೂ ಕೇಳುತ್ತಿತ್ತು. ನಾನು ಮಣೆ ಎಳೆದು ಕುಳಿತೆ. ಕಾಯುವುದು ನನಗೆ ಕಷ್ಟವಲ್ಲ. ಅವಳೇ ಬಾಯಿಬಿಟ್ಟಳು.

"ಅಕ್ಕಾ, ಅವನು ಸತ್ತದ್ದನ್ನು ಯಾರು ನೋಡಿದ್ದಾರೆ?"

ಆಮೇಲೆ ಎಲ್ಲ ಹೇಳಿದಳು. ಹುಡುಗ ಹತ್ತನೆಯಲ್ಲಿ ಫೇಲಾದ. ಅಪ್ಪ ಬೈದರು. ಹೋಟೆಲಿಗೆ ಜನ ಬೇಕೆಂದು ಊರಿಗೆ ಬಂದಿದ್ದ ಒಬ್ಬನ ಹಿಂದೆ ಮುಂಬಯಿಗೆ ಹೋದ. ಅವನು ಹೋದ ಆ ವರ್ಷವೇ ಒಮ್ಮೆ ಬೆಳುವಾಯಿಯ ಅಂಗಡಿಯ ಫೋನಿಗೆ ಕರೆ ಮಾಡಿದ್ದ. ಇವಳು ಗದ್ದೆಯಲ್ಲಿ ನೇಜಿ ನೆಡುತ್ತಾ ಇದ್ದಳು. ಕೆಸರು ಕಾಲಿನಲ್ಲಿ ಓಡಿ ಅಂಗಡಿ ಮುಟ್ಟುವಾಗ ಫೋನು ಕಟ್ಟಾಗಿತ್ತು. ಎಂತ ಹೇಳಿದ ಎಂದು ಅಂಗಡಿಯವನನ್ನು ಕೇಳಿದಳು. ಅಮ್ಮ ಇದ್ದಾರಾ ಎಂದು ಕೇಳಿದ ಎಂದನಂತೆ. ಅದೇ ಕೊನೆ. ಹುಕ್ರಪ್ಪಣ್ಣ ಹುಡುಕಿಕೊಂಡು ಮುಂಬಯಿಗೆ ಹೋದರು. ಆ ಹೋಟೆಲು ಮುಚ್ಚಿತ್ತು, ಅದರವರು ಎಲ್ಲಿ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ. ಬಂದು ವರ್ಷಗಟ್ಟಲೆ ಕಾದರು. ಕೊನೆಗೆ ಪ್ರಶ್ನೆ ಇಡಿಸಿದರು. ಹುಡುಗ ಮನುಷ್ಯಲೋಕದಲ್ಲಿಲ್ಲ ಎಂದು ಜೋಯಿಸರು ಹೇಳಿದ ಮೇಲೆ ಪಟಕ್ಕೆ ಮಾಲೆ ಬಿತ್ತು. ಅವನು ಹೋಗಿ ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು.

ಯಜಮಾನರಿಗೆ ಇದನ್ನು ಹೇಳಿದ್ದೀಯಾ ಎಂದು ಕೇಳಿದೆ. ಇಷ್ಟು ವರ್ಷ ಹೇಳಿದ್ದೇನೆ ಎಂದಳು. ಅವರಿಗೂ ಸಾಕಾಗಿದೆ, ದಿನಾ ಸಂಜೆ ದಾರಿ ನೋಡುವುದು ಅವರಿಂದ ಇನ್ನು ಆಗುವುದಿಲ್ಲ, ಅವರದ್ದೂ ತಪ್ಪಲ್ಲ ಎಂದಳು. ಅವನು ಇಲ್ಲದೆಯೂ ಇರಬಹುದು ಎಂದು ತನಗೂ ಗೊತ್ತುಂಟು ಎಂದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು:

"ಒಮ್ಮೆ ಕುಲೆ ಮದುವೆ ಮಾಡಿಸಿದ ಮೇಲೆ ಅವನು ಅಂಗಳಕ್ಕೆ ಬಂದು ಅಮ್ಮಾ ಅಂತ ಕರೆದ್ರೆ, ನಾನು ಬಾಗಿಲು ತೆಗಿಯುವುದು ಹೇಗೆ ಅಕ್ಕಾ?"

ಅವಳು ಇನ್ನೊಂದು ಕೇಳಿದಳು.

"ನಿಮ್ಮ ಹುಡುಗಿ ಹೋಗುವಾಗ ನೀವು ಹತ್ತಿರ ಇದ್ರಾ?"

ಇದ್ದೆ ಎಂದೆ. ಜ್ವರದಲ್ಲಿ ಬಂಟ್ವಾಳದ ಆಸ್ಪತ್ರೆಗೆ ಜೀಪಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆವು. ನನ್ನ ಮಡಿಲಲ್ಲೇ ಇದ್ದಳು. ಪೇಟೆ ಮುಟ್ಟುವ ಮೊದಲೇ ಅವಳ ತಲೆ ನನ್ನ ತೋಳಿನ ಮೇಲೆ ಭಾರವಾಯಿತು.

"ಹಾಗಾದ್ರೆ ನಿಮಗೆ ಗೊತ್ತುಂಟು," ಎಂದಳು ವಾರಿಜ.

ಅಷ್ಟೇ ಹೇಳಿದ್ದು. ಆ ಭಾರದ ನೆನಪನ್ನು ಇಷ್ಟು ವರ್ಷ ನಾನು ದೇವರು ಕೊಟ್ಟ ಶಿಕ್ಷೆ ಎಂದುಕೊಂಡಿದ್ದೆ. ಅದು ಇಲ್ಲದವರೂ ಇರುತ್ತಾರೆ ಎಂದು, ಅದನ್ನು ಇನ್ನೊಬ್ಬ ತಾಯಿ ಆಸೆಯಿಂದ ಕೇಳಬಹುದೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಅವಳು ಮದುವೆ ಬಿಡಿಸಿ ಎಂದು ಕೇಳಲಿಲ್ಲ. ಕೇಳುವ ಜಾತಿಯ ಹೆಂಗಸು ಅಲ್ಲ ಅವಳು. ನಿಮ್ಮ ಹುಡುಗಿ ಒಳ್ಳೆಯವಳೇ ಇದ್ದಾಳು, ನನ್ನ ಮನಸ್ಸೇ ಸರಿಯಿಲ್ಲ ಎಂದು ಹೇಳಿ ಕಣ್ಣೊರಸಿಕೊಂಡು ಚಹಾದ ಲೋಟ ತೊಳೆಯಲಿಕ್ಕೆ ಕುಳಿತಳು.

ನಾನು ಮಣೆಯಿಂದ ಏಳಲಿಲ್ಲ. ಕಾಲು ನೋವೂ ಇತ್ತು, ನಿಜ. ಆದರೆ ಎದ್ದರೆ ಏನಾದರೂ ಒಂದು ಮಾಡಲೇಬೇಕು ಎಂಬ ಭಯವೂ ಇತ್ತು. ನಾನು ಬಾಯಿಮುಚ್ಚಿಕೊಂಡು ಹೊರಗೆ ಹೋಗಿ ಕುಳಿತರೆ ಇನ್ನೊಂದು ಗಳಿಗೆಯಲ್ಲಿ ತಾಂಬೂಲ ಕೈ ಬದಲಾಗುತ್ತದೆ, ಆಟಿಯಲ್ಲಿ ಮದುವೆ, ನನ್ನ ಮಗಳು ಒಂದು ಮನೆ ಸೇರುತ್ತಾಳೆ. ಇಂಥ ಹುಡುಗ ಇನ್ನೊಬ್ಬ ಸಿಗುವುದಿಲ್ಲ. ನನಗೆ ಹುಡುಕಲು ಇನ್ನೆಷ್ಟು ಕಾಲವಿದೆ? ಬಹುಶಃ ಅವನು ಸತ್ತೇ ಇದ್ದಾನೆ. ಇಷ್ಟು ವರ್ಷ ತಾಯಿಗೆ ಒಂದು ಮಾತು ಹೇಳಿ ಕಳಿಸದ ಮಗ ಬದುಕಿರುತ್ತಾನಾ? ಬಹುಶಃ ಇಲ್ಲ. ಆದರೆ ಆ ಬಹುಶಃ ಎಂಬುದರ ಮೇಲೆ ನಾನು ನನ್ನ ಹೇಮುವನ್ನು ಕೂರಿಸಬೇಕಿತ್ತು. ಅವಳು ಸೇರಬೇಕಾದ ಮನೆಯಲ್ಲಿ ಅತ್ತೆ ಪ್ರತಿ ಆಟಿಯಲ್ಲೂ ಮಗನಿಗೆ ಎಲೆ ಹಾಕುವಾಗ ಕೈ ಹಿಂದೆ ತೆಗೆಯುತ್ತಾಳೆ. ಮಗನಿಗೆ ಹಾಕದ ಎಲೆಯ ಪಕ್ಕದಲ್ಲಿ ಸೊಸೆಗೆ ಹಾಕುವುದು ಹೇಗೆ?

ಎದ್ದೆ. ವಾರಿಜಳ ಬೆನ್ನ ಮೇಲೆ ಕೈಯಿಟ್ಟೆ. ಅವಳು ತಿರುಗಲಿಲ್ಲ.

ನಾನು ಜಗಲಿಗೆ ಬರುವಾಗ ಹುಕ್ರಪ್ಪಣ್ಣ ಎದ್ದು ನಿಂತು, ಎರಡು ಕೈಯಲ್ಲೂ ವೀಳ್ಯದೆಲೆ ಅಡಿಕೆಯ ಹರಿವಾಣ ಹಿಡಿದಿದ್ದರು. ಚೆನ್ನಪ್ಪಣ್ಣ ಅದನ್ನು ತೆಗೆದುಕೊಳ್ಳಲು ಕೈ ಚಾಚಿದ್ದ. ವಾರಿಜ ಹೇಳಿದ್ದನ್ನು ಅಲ್ಲಿ ಹೇಳಿದರೆ ಅಷ್ಟು ಜನರ ಎದುರು ಗಂಡನ ಮರ್ಯಾದೆ ಹೋಗುತ್ತದೆ, ಆಮೇಲೆ ಆ ಮನೆಯಲ್ಲಿ ಅವರಿಬ್ಬರೇ ಇರಬೇಕು. ಬೇರೆ ಯಾವ ಕಾರಣ ಹೇಳಿದರೂ ಮಾತಿಗೆ ಮಾತು ಬೆಳೆಯುತ್ತದೆ. ಯಾರಿಗೂ ತಿರುಗಿ ಮಾತಾಡಲಾಗದ ಕಾರಣ ಒಂದೇ ಇತ್ತು.

"ಚೆನ್ನಪ್ಪಣ್ಣ, ತಾಂಬೂಲ ತೆಗೊಳ್ಬೇಡ," ಎಂದೆ. "ಹುಡುಗಿ ಒಪ್ಪುವುದಿಲ್ಲ."

ಯಾರೋ ನಗಲು ಶುರುಮಾಡಿ ನಿಲ್ಲಿಸಿದರು. ನಾನು ಕ್ರಮದ ಮಾತು ಆಡುತ್ತಿಲ್ಲವೆಂದು ಎಲ್ಲರಿಗೂ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹುಕ್ರಪ್ಪಣ್ಣ ಹರಿವಾಣ ಹಿಡಿದೇ ಇದ್ದರು.

"ಹುಡುಗಿ ಯಾವಾಗ ಹೇಳಿದ್ದು?" ಎಂದು ಕೇಳಿದರು.

"ಈಗ."

"ನಮ್ಮ ಹುಡುಗನಲ್ಲಿ ಎಂತ ಕೊರತೆ ಕಂಡಳಂತೆ?"

"ಅವನಲ್ಲಿ ಕೊರತೆ ಇಲ್ಲ ಅಣ್ಣ. ಅವಳದ್ದೇ ಹಟ."

ಅವರ ಮುಖದಲ್ಲಿ ಕೋಪ ಬರಬಹುದೆಂದು ಕಾದೆ. ಬರಲಿಲ್ಲ. ದೊಡ್ಡ ಹೊರೆ ಇಳಿಸಲು ಬಗ್ಗಿದವನಿಗೆ ಇನ್ನೂ ಸ್ವಲ್ಪ ದೂರ ನಡೆ ಎಂದು ಹೇಳಿದರೆ ಹೇಗಾಗುತ್ತದೋ ಹಾಗಾಯಿತು ಅವರ ಮುಖ. ಇಸ್ತ್ರಿ ಮಾಡಿದ ಆ ಶರಟಿನ ಒಳಗೆ ಅವರು ಸಣ್ಣಗಾದರು. ಹರಿವಾಣ ಕೆಳಗಿಟ್ಟು, ಆಯಿತು, ಹುಡುಗಿಯ ಇಷ್ಟವೇ ಮುಖ್ಯ ಎಂದರು. ಅವರ ಮಾತಿನಲ್ಲಿ ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಮನುಷ್ಯನಿಗೂ ನಾನು ನೋವು ಮಾಡಿದ್ದೇನೆ. ಅವರು ಬೇರೆ ಕಡೆ ಹುಡುಗಿ ನೋಡಿಯಾರು. ಆಗ ವಾರಿಜಳ ಅಡುಗೆಮನೆಗೆ ಹೋಗಿ ಮಣೆ ಎಳೆದು ಕೂರುವವರು ಇರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಜೀಪು ಮೂಡುಬಿದಿರೆ ದಾಟಿತು. ಆಮೇಲೆ ಚೆನ್ನಪ್ಪಣ್ಣ ಶುರುಮಾಡಿದ. ಇನ್ನು ನಿನ್ನ ಮಗಳಿಗೆ ಯಾವ ಸಂಬಂಧವೂ ಬರುವುದಿಲ್ಲ ಎಂದ. ತಾಂಬೂಲದ ಹೊತ್ತಿಗೆ ಬೇಡ ಎಂದ ಕುಲೆ ಎಂದು ಊರಿಡೀ ಸುದ್ದಿಯಾಗುತ್ತದೆ, ಹಟಮಾರಿ ಕುಲೆಯನ್ನು ಮನೆ ತುಂಬಿಸಿಕೊಂಡರೆ ಕೇಡು ಎಂದು ಹೆದರುತ್ತಾರೆ, ಬೇಡ ಎಂದು ಹೇಳಿದವಳು ಹುಡುಗಿಯೋ ನೀನೋ ಎಂದು ಕೇಳಿದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಮಾತು ನನ್ನ ಬಾಯಿಂದ ಬರುವಾಗಲೇ ನನಗೆ ಅದು ಗೊತ್ತಿತ್ತು. ನನ್ನ ಹೇಮು ಎರಡು ವರ್ಷದಲ್ಲಿ ಯಾವುದಕ್ಕೂ ಹಟ ಮಾಡಿದವಳಲ್ಲ. ಅವಳ ಹೆಸರಿಗೆ ಆ ಮಾತನ್ನು ಕಟ್ಟಿದವಳು ನಾನು. ಜೀಪು ಬಿಡುತ್ತಿದ್ದ ಜಯಪ್ರಕಾಶ ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿ ಗೇರು ಬದಲಾಯಿಸಿದ.

ದೀಪಶ್ರೀಗೆ ಮಾತ್ರ ಮನೆಗೆ ಬಂದ ಮೇಲೆ ನಿಜ ಹೇಳಿದೆ. ಅವಳು ತುಂಬ ಅತ್ತಳು. ಆ ಶಬ್ದವನ್ನು ನಾನು ನಿಮಗೆ ಹೇಳಿಕೊಡಬಾರದಿತ್ತು ಅಜ್ಜಿ, ಅದು ಒಳ್ಳೆಯದು ಸಿಕ್ಕಿದಾಗ ಹೇಳುವುದು ಎಂದಳು. ಶಬ್ದದ ತಪ್ಪಲ್ಲ ಮಗಾ ಎಂದೆ. ಅದನ್ನು ಹಿಂದೆ ತಿರುಗಿ ನೋಡುವಾಗ ಮಾತ್ರ ಬಳಸಬೇಕು ಎಂದು ನನಗೀಗ ಅನಿಸುತ್ತದೆ. ದಾರಿಯಲ್ಲಿ ಸಿಕ್ಕಿದ್ದನ್ನು ಮನೆಗೆ ತಂದು, ಬಿಚ್ಚಿ ನೋಡಿ, ಅದು ನಮ್ಮದೇ ಎಂದು ತಿಳಿದ ಮೇಲೆ. ಸಿಕ್ಕಿದ ಗಳಿಗೆಯಲ್ಲೇ ಅದನ್ನು ಹೇಳಬಾರದು. ನಾನು ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿಯುತ್ತಲೇ ಅದು ನಮ್ಮದೇ ಎಂದುಕೊಂಡುಬಿಟ್ಟಿದ್ದೆ. ಗುರುತು ಹಿಡಿಯುವ ಕಣ್ಣು ಬೇಕು ಎಂದು ನೀನೇ ಹೇಳಿದ್ದೆಯಲ್ಲ, ನನಗೆ ಕಣ್ಣು ಬರುವಾಗ ಸ್ವಲ್ಪ ತಡವಾಯಿತು ಎಂದೆ.

ವಾರಿಜ ಸಿಕ್ಕಿದ್ದು ಒಳ್ಳೆಯದಲ್ಲವಾ ಅಜ್ಜಿ, ಅದಕ್ಕಾದರೂ ಆ ಶಬ್ದ ಹೇಳಬಹುದಲ್ಲವಾ ಎಂದು ಅವಳು ಕೇಳಿದಳು. ನಾನು ಅದನ್ನು ತುಂಬ ಹೊತ್ತು ಯೋಚಿಸಿದೆ. ನನಗೆ ಹಾಗೆ ಹೇಳಲಾಗಲಿಲ್ಲ. ಒಬ್ಬಳ ಸಂಕಟ ನನ್ನ ಕಾಲಿಗೆ ಸಿಕ್ಕಿದ್ದನ್ನು ನನ್ನ ಅದೃಷ್ಟ ಎಂದು ನಾನು ಹೇಗೆ ಹೇಳಲಿ?

ಆಟಿಯಲ್ಲಿ ಬಡಿಸುವ ದಿನ ಬಂತು. ಕೋಳಿ ಪದಾರ್ಥ, ಕಡುಬು ಮಾಡಿದೆವು. ಹೇಮುವಿಗೆ ಮೊದಮೊದಲು ನಾನು ಹಾಲನ್ನ ಕಲಸಿ ಬಡಿಸುತ್ತಿದ್ದೆ. ಅವಳು ದೊಡ್ಡವಳಾದ ಮೇಲೆ ಎಲ್ಲರಿಗೆ ಮಾಡಿದ್ದನ್ನೇ ಬಡಿಸುತ್ತೇನೆ, ಖಾರ ಮಾತ್ರ ಕಡಿಮೆ. ಅವಳು ಎಷ್ಟು ಖಾರ ತಿನ್ನುತ್ತಾಳೆಂದು ನನಗೆ ಯಾವತ್ತೂ ಗೊತ್ತಾಗಲಿಲ್ಲ. ನಾನು ಹೋದ ಮೇಲೆ ತಂಗಿಗೆ ಒಂದು ಎಲೆ ಹಾಕು ಎಂದು ಜಯಪ್ರಕಾಶನಲ್ಲಿ ಹೇಳಿದೆ. ಆಯಿತಮ್ಮ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಎಲೆ ಸಾಲಾಗಿ ಹಾಕುವಾಗ ಅಪ್ಪನದ್ದು, ಅಜ್ಜನದ್ದು, ಅಜ್ಜಿಯದ್ದು ಎಂದು ಇಟ್ಟು ಮುಗಿಯಿತು ಎಂದ. ನಾನು ಇನ್ನೊಂದು ಎಲೆ ತಂದು ಕೊನೆಯಲ್ಲಿ ಇಟ್ಟೆ. ಅವನು ನಾಲಿಗೆ ಕಚ್ಚಿಕೊಂಡ.

ಬಡಿಸಿ ಮುಗಿದ ಮೇಲೆ ಹೋದವರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಹೋಗುವುದು ರೂಢಿ. ಎಲ್ಲರೂ ಹೋದರು. ನಾನು ಒಂದು ನಿಮಿಷ ಹಿಂದೆ ಉಳಿದು ಕೊನೆಯ ಎಲೆಯ ಹತ್ತಿರ ಬಗ್ಗಿದೆ. ನಿನಗೆ ಒಬ್ಬ ಹುಡುಗನನ್ನು ನೋಡಿದ್ದೆ ಮಗಾ, ಆದರೆ ಅವನ ಅಮ್ಮ ಅವನಿಗಾಗಿ ಇನ್ನೂ ದಾರಿ ಕಾಯುತ್ತಾಳೆ ಎಂದು ಹೇಳಿದೆ. ನಿನ್ನ ಹೆಸರಿನಲ್ಲಿ ನಾನೊಂದು ಮಾತು ಹೇಳಿದ್ದೇನೆ, ಸಿಟ್ಟು ಮಾಡಬೇಡ ಎಂದೆ. ಕಡುಬು ಆರುತ್ತಾ ಇತ್ತು. ಹೊರಗಿಂದ ಸೊಸೆ ಕರೆದಳು. ಕಾಲು ಹಿಡಿದುಕೊಂಡು ಮೆಲ್ಲ ಎದ್ದು, ಹೊರಗೆ ಬಂದು, ಬಾಗಿಲು ಎಳೆದುಕೊಂಡೆ.